ನಾನು ತಲೆಯಾಡಿಸಿದ ಆ ಗಳಿಗೆ

ಆ ಲಾರಿಯ ಹಾರ್ನ್ ಈಗಲೂ ಕಿವಿಯಲ್ಲಿದೆ. ಇಳಿಜಾರಿನಲ್ಲಿ ಬರುತ್ತಿದ್ದ, ಕೆಂಪುಕಲ್ಲು ಹೇರಿದ ಲಾರಿ. ತಿರುವಿನಾಚೆ ಅದು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು.

ನಾನು ಆಟೋದಲ್ಲಿದ್ದೆ. ಅಳದಂಗಡಿಯಿಂದ ಒಳಗಿರುವ ಒಂದು ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗುತ್ತೇನೆ. ಬಸ್ಸಿಳಿದ ಮೇಲೆ ಆಟೋವೇ ಗತಿ. ಅಂದಿನ ಆಟೋದವರಿಗೆ ಸಣ್ಣದಿರುವಾಗಲೇ ಪೋಲಿಯೋ ಬಂದು ಎಡಗಾಲು ಸೋತಿತ್ತು. ಮೈ ಮಾತ್ರ ದೊಡ್ಡದು, ಮುಂದಿನ ಸೀಟು ಪೂರ್ತಿ ಅವರದೇ. "ಬೇರೆಯವರು ಪಕ್ಕದಲ್ಲಿ ಜನ ಕೂರಿಸಿ ಫೈನ್ ಕಟ್ತಾರೆ. ನನ್ನ ಆಟೋದಲ್ಲಿ ಕಾನೂನು ತನ್ನಷ್ಟಕ್ಕೇ ಪಾಲನೆ ಆಗ್ತದೆ ಟೀಚರ್" ಎಂದು ನಗಿಸುತ್ತಿದ್ದರು. ಆದರೂ ಸ್ಟ್ಯಾಂಡಿಗೆ ಬಂದವರು ಅವರನ್ನು ದಾಟಿ ಹಿಂದಿನ ಆಟೋ ಹತ್ತುವುದನ್ನು ನೋಡಿದ್ದೇನೆ. ಮೊದಲ ವಾರ ನಾನೂ ಹಾಗೆಯೇ ಮಾಡಿದ್ದೆ.

ತಿರುವಿಗೆ ಮೊದಲೇ ಅವರು ಆಟೋ ನಿಲ್ಲಿಸಿದರು.

"ಹೋಗುವ ಅಣ್ಣಾ, ಪ್ರಾರ್ಥನೆಗೆ ತಡ ಆಗ್ತದೆ" ಎಂದೆ.

"ಸದ್ದು ಕೇಳಿ, ಆ ಲಾರಿ ಗೇರಿಲ್ಲದೆ ಇಳೀತಾ ಉಂಟು, ಹಿಡಿತ ಸಿಗ್ಲಿಕ್ಕಿಲ್ಲ. ಕಂಬಿ ಹಿಡ್ಕೊಳ್ಳಿ!"

ಲಾರಿ ತಿರುವಿನಲ್ಲಿ ನಮ್ಮ ಬದಿಗೇ ನುಗ್ಗಿತು. ಅವರು ಹ್ಯಾಂಡಲನ್ನು ಎಡಕ್ಕೆ ಎಳೆದು, ಆಕ್ಸಿಲರೇಟರ್ ತಿರುಗಿಸಿ ಆಟೋವನ್ನು ಚರಂಡಿಗೆ ಇಳಿಸಿಬಿಟ್ಟರು. ನಾವು ನಿಂತಿದ್ದ ಜಾಗದ ಮೇಲೆಯೇ ಹಾದುಹೋದ ಲಾರಿ ಕೆಳಗೆ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಜನ ಸೇರಿದರು. ನಾನು ಹೇಗೋ ಹೊರಗೆ ಬಂದೆ. ವಾಲಿದ ಆಟೋದಿಂದ ಅವರನ್ನು ಎಳೆಯಲು ನಾಲ್ವರು ಬೇಕಾಯಿತು. ಅದೇ ಅವರ ಅಪರಾಧವಾಗಿಹೋಯಿತು.

"ತನ್ನ ಮೈ ಎತ್ತಲಿಕ್ಕೆ ಆಗದವನಿಗೆ ಆಟೋ ಯಾಕೆ?"

"ಕ್ರೇನೇ ತರಬೇಕಿತ್ತು ಮಾರಾಯ."

"ಕಾಲೂ ಸರಿ ಇಲ್ಲ. ಪಿಂಚಣಿ ತಗೊಂಡು ಮನೆಯಲ್ಲಿ ಕೂತ್ಕೊಳ್ಳಬಾರದಾ?"

ಲಾರಿಯವನಿಗೆ ಅಷ್ಟು ಸಾಕಾಯಿತು. "ಇವನು ಬ್ರೇಕ್ ಹಿಡಿಯದೆ ನನ್ನ ಬದಿಗೆ ಬಂದ, ಇವನನ್ನು ಉಳಿಸಲಿಕ್ಕೆ ಹೋಗಿ ದಿಬ್ಬಕ್ಕೆ ಗುದ್ದಿದೆ" ಎಂದ. ಯಾರೋ ನನ್ನ ಕೈಗೆ ನೀರು ಕೊಟ್ಟು, "ಇವನಿಗೆ ಬ್ರೇಕ್ ಹಾಕಲಿಕ್ಕೆ ಆಗಲಿಲ್ಲ, ಅಲ್ವಾ ಟೀಚರ್?" ಎಂದು ಕೇಳಿದರು. ಕಿವಿಯಲ್ಲಿ ಇನ್ನೂ ಲಾರಿಯ ಹಾರ್ನೇ ಇತ್ತು, ಪ್ರಶ್ನೆ ಪೂರ್ತಿ ತಲೆಗೆ ಹೋಗಲಿಲ್ಲ. ತಲೆಯಾಡಿಸಿದೆ.

"ನೋಡಿ, ಒಳಗೆ ಕೂತವರೇ ಹೇಳಿದ್ರು!"

ಪೊಲೀಸರು ಬಂದು ಆಟೋದವರ ಲೈಸನ್ಸ್ ತೆಗೆದುಕೊಂಡು ಹೋದರು.

ಮನೆಗೆ ಬಂದ ಮೇಲೆ ಎಲ್ಲವೂ ಮತ್ತೆ ಮತ್ತೆ ಕಣ್ಣೆದುರು ಬಂತು. ಪ್ರತಿ ಸಲವೂ ಒಂದು ಕಾಲು ಕಾಣುತ್ತಿತ್ತು. ಬ್ರೇಕಿನ ಮೇಲೆ ಬಲವಾಗಿ ಒತ್ತಿದ ಬರಿಗಾಲು, ಬಲಗಾಲು. ಎಡಗಾಲು ಪಕ್ಕದಲ್ಲಿ ಸುಮ್ಮನೆ ಇತ್ತು.

ಮರುದಿನ ಬೆಳಿಗ್ಗೆ ಠಾಣೆಗೆ ಹೋದೆ. ಆಟೋದವರು ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. "ನೀವೇ ತಲೆಯಾಡಿಸಿದಿರಂತಲ್ಲ" ಎಂದರು ಪೊಲೀಸ್ ಅಧಿಕಾರಿ. "ಕಾಲು ಊನವಾದ್ದರಿಂದ ಬ್ರೇಕ್ ಹಾಕಲಾಗಲಿಲ್ಲ ಅಂತ ಬರೆದಾಗಿದೆ. ಇನ್ನು ಲೈಸನ್ಸ್ ರದ್ದು ಮಾಡ್ಲಿಕ್ಕೆ ಆರ್‌ಟಿಒಗೆ ಹೋಗ್ತದೆ."

"ತಲೆಯಾಡಿಸಿದ್ದು ಹೆದರಿಕೆಯಿಂದ ಸರ್. ಲಾರಿ ಬರುವ ಮೊದಲೇ ಇವರು ಆಟೋ ನಿಲ್ಲಿಸಿ ಆಗಿತ್ತು. ಬ್ರೇಕ್ ಹಾಕುವುದು ಬಲಗಾಲಿನಲ್ಲಿ. ಇವರಿಗೆ ಸೋತಿರುವುದು ಎಡಗಾಲು."

ಅಧಿಕಾರಿ ಎದ್ದು ಹೊರಗೆ ಹೋದರು. ಅಂಗಳಕ್ಕೆ ತಂದು ನಿಲ್ಲಿಸಿದ್ದ ಅದೇ ಆಟೋದ ಚಾಲಕನ ಸೀಟಿನಲ್ಲಿ ತಾವೇ ಕೂತರು. ಎಡಗೈಯಲ್ಲಿ ಕ್ಲಚ್ ಮತ್ತು ಗೇರ್, ಬಲಗಾಲಿನಲ್ಲಿ ಬ್ರೇಕ್. ಎಡಗಾಲನ್ನು ಅತ್ತಿತ್ತ ಸರಿಸಿ ನೋಡಿದರು.

"ಎಡಗಾಲಿಗೆ ಇಲ್ಲಿ ಕೆಲಸವೇ ಇಲ್ಲವಲ್ಲ ಮಾರಾಯ!"

"ನಿನ್ನೆಯಿಂದ ಅದನ್ನೇ ಹೇಳ್ತಾ ಇದ್ದೇನೆ ಸರ್" ಎಂದರು ಆಟೋದವರು.

ದಿನವೂ ಆಟೋದಲ್ಲಿ ಓಡಾಡುವ ನಾವು ಯಾರೂ ಇದನ್ನು ಗಮನಿಸಿರಲಿಲ್ಲ. ಅಧಿಕಾರಿ ನನ್ನ ಹೇಳಿಕೆಯನ್ನು ಹೊಸದಾಗಿ ಬರೆಸಿ ಸಹಿ ಹಾಕಿಸಿದರು, ಲೈಸನ್ಸನ್ನು ಆಟೋದವರ ಕೈಗೆ ಕೊಟ್ಟರು. ಅವರು ಅದನ್ನು ಜೇಬಿಗೆ ಹಾಕಿದರು, ಮತ್ತೆ ತೆಗೆದು ನೋಡಿದರು, ಮತ್ತೆ ಹಾಕಿದರು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು.

ಹೊರಗೆ ಬಂದು ಕ್ಷಮೆ ಕೇಳಿದೆ.

"ನೀವು ತಲೆಯಾಡಿಸಿದ್ದನ್ನು ನಾನೂ ನೋಡಿದೆ ಟೀಚರ್. ಇಬ್ಬರೂ ಬದುಕಿದ್ದೇವಲ್ಲ ಅನ್ನುವ ಖುಷಿಯಲ್ಲಿ ಬೇಜಾರು ಮಾಡ್ಲಿಕ್ಕೆ ಪುರುಸೊತ್ತೇ ಸಿಗಲಿಲ್ಲ."

ಎದುರಿನ ಹೋಟೆಲಿನಲ್ಲಿ ಇಬ್ಬರೂ ಬನ್ಸ್ ತಿಂದೆವು. ಪಕ್ಕದ ಮೇಜಿನವರು ಒಮ್ಮೆ ಅವರ ಹೊಟ್ಟೆಯನ್ನು, ಒಮ್ಮೆ ತಟ್ಟೆಯನ್ನು ನೋಡಿದರು. ಅದನ್ನು ಕಂಡ ಆಟೋದವರು ಇನ್ನೊಂದು ಬನ್ಸ್ ತರಲು ಹೇಳಿದರು.