ಹೊಸ್ತಿಲಿಗೆ ಬಂದ ರಾಗಿ ಕೂಳೆ

ರೇಷ್ಮೆಗೆ ಒಳ್ಳೆಯ ಕಾಲ ಬಂದು ಕಬ್ಬಾಳಿನ ಸುತ್ತ ಮನೆಮನೆಯಲ್ಲೂ ಹುಳು ಸಾಕುತ್ತಿದ್ದ ದಿನಗಳು. ನಾನೊಬ್ಬ ಕೃಷಿ ಸಹಾಯಕ, ರಾಗಿಯ ಬೆಂಕಿ ರೋಗದ ಹಿಂದೆ ಬಿದ್ದಿದ್ದೆ. ಕೊಯ್ಲಾದ ಮೇಲೂ ಆ ರೋಗದ ಬೂಷ್ಟು ಹೊಲದಲ್ಲಿ ಬಿಟ್ಟ ಬುಡದ ಕೂಳೆಯಲ್ಲೇ ಉಳಿದು ಮುಂದಿನ ಬೆಳೆಗೆ ಹತ್ತುತ್ತದೆ, ಕಿತ್ತು ಸುಡಿ ಎಂದು ಊರೆಲ್ಲ ಬೇಡಿಕೊಂಡಿದ್ದೆ. "ಕುರಿ ಮೇಯ್ತವೆ, ಬುಡಿ ಸಾ" ಎಂದು ಎಲ್ಲರೂ ಸಾಗಹಾಕಿದ್ದರು.

ಕೊನೆಗೆ, ರಾಗಿಯ ಜೊತೆ ರೇಷ್ಮೆ ಹುಳುವನ್ನೂ ಸಾಕುತ್ತಿದ್ದ ಕೆಂಪಮ್ಮನವರ ಹೊಲದಿಂದಲೇ ಒಂದು ಹಿಡಿ ಕೂಳೆ ಕಿತ್ತು ಅವರ ಮನೆಗೆ ಹೋದೆ. ಒಳಗೆ ಹುಳುಗಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು. "ಇದರಲ್ಲಿ ಬೂಷ್ಟು ರೋಗ ಇದೆಯಮ್ಮ" ಎಂದು ಹೊಸ್ತಿಲಲ್ಲಿ ನಿಂತು ತೋರಿಸಿದ್ದೇ ತಡ, ಆಕೆ ಕಿರುಚಿದರು.

"ರೋಗ ಕೈಲಿಡ್ಕಂಡು ಹುಳಿನ ಮನೆಗೇ ಬಂದ್ಬುಟ್ರಾ? ಅತ್ಲಾಗೋಗಿ ಸಾ! ನನ್ ಹುಳಕ್ಕೂ ಬೂಷ್ಟು ಬಂದು ಸುಣ್ಣದಂಗೆ ಸೆಟ್ಕಂಡ್ರೆ ಏನ್ ಮಾಡ್ಲಿ?"

ನಾಲ್ಕು ದಿನ ಬಿಟ್ಟು ಅಳುಕುತ್ತಲೇ ಹೋದೆ. ಅವರ ಹೊಲದಲ್ಲಿ ಒಂದೇ ಒಂದು ಕೂಳೆ ಇರಲಿಲ್ಲ. ಅವರ ಮಾತು ಕೇಳಿ ಅಕ್ಕಪಕ್ಕದವರೂ ಕಿತ್ತು ಸುಡುತ್ತಿದ್ದರು. ಅಬ್ಬಾ ಎಂದು ಉಸಿರು ಬಿಟ್ಟೆ.

"ಈಗ ಬನ್ನಿ ಸಾ, ಗೂಡು ನೋಡೀರಂತೆ" ಎಂದರು ಕೆಂಪಮ್ಮ.

ರಾಗಿಯ ರೋಗ ರೇಷ್ಮೆ ಹುಳುವಿಗೆ ಅಂಟುವುದಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಹೋದೆ.