ಎಳ್ಳಮಾಸಿಯ ಹೊಲಕ್ಕೆ ಕರೆದರು

ಕಮಲಾಪುರದಲ್ಲಿ ಮೊದಲ ದಿನ ಬೆಳಗ್ಗೆ ಕಣ್ಣು ಬಿಟ್ಟಾಗ ನನ್ನ ತಲೆಯ ಮೇಲೆ ಯಾರೋ ನಡೆದಾಡುತ್ತಿದ್ದರು. ಧಪ್ ಧಪ್ ಎಂದು ಹೆಜ್ಜೆಯ ಸದ್ದು. ಸೂರಿನಿಂದ ಮಣ್ಣು ಉದುರಿ ನೇರ ಕಣ್ಣಿಗೇ ಬಿತ್ತು. "ಅಯ್ಯಯ್ಯೋ!" ಎಂದು ಎದ್ದು ಕೂತೆ. ಸೂರಿನ ನಡುವೆ ಒಂದು ಕಿಂಡಿ, ಆ ಕಿಂಡಿಯಲ್ಲಿ ಒಬ್ಬ ಹೆಂಗಸಿನ ಮುಖ, ಹಣೆಯ ತುಂಬ ವಿಭೂತಿ.

"ಎದ್ರೇನ್ರೀ ಬಾಯಾರ? ಹಾಲು ಕಾಸೀನಿ, ಬರ್ರಿ."

ಬಾಯಾರು ಎಂದರೆ ಇಲ್ಲಿ ಅಮ್ಮನವರು. ಮೈಸೂರಿನ ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಮಾಡಿನ ಮೇಲೆ ಬೆಕ್ಕು ಓಡಾಡುತ್ತದೆ, ಕೋತಿ ಓಡಾಡುತ್ತದೆ. ಮನೆಯ ಯಜಮಾನಿ ಓಡಾಡುವುದಿಲ್ಲ. ಇಲ್ಲಿ ಮನೆಗಳಿಗೆ ಮಾಡಿಲ್ಲ, ಮಾಳಿಗೆ. ತೊಲೆ ಹಾಸಿ ಮೇಲೆ ಮಣ್ಣು ಬಡಿದ ಚಪ್ಪಟೆ ಸೂರು. ಮೆಣಸಿನಕಾಯಿ ಒಣಗುವುದು ಅಲ್ಲಿ, ತಲೆಗೂದಲು ಆರಿಸುವುದು ಅಲ್ಲಿ, ಊರಿನ ಸುದ್ದಿ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುವುದೂ ಅಲ್ಲೇ. ನಡುವಿನ ಕಿಂಡಿಗೆ ಬೆಳಕಿಂಡಿ ಎನ್ನುತ್ತಾರೆ. ಬೆಳಕು ಬರುವುದು ಅದರ ಒಂದು ಕೆಲಸ ಮಾತ್ರ. ಮನೆಯ ಯಜಮಾನಿ ಗುರುಬಸವ್ವನವರ ಪ್ರಶ್ನೆಗಳೆಲ್ಲ ಬರುವುದೂ ಅದರಿಂದಲೇ.

ನಾನು ಇಲ್ಲಿಗೆ ಏಕೆ ಬಂದೆನೆಂದು ನಮ್ಮ ಅಗ್ರಹಾರದವರು ನಿಮಗೆ ಆಗಲೇ ಹೇಳಿರುತ್ತಾರೆ. ಅದರಲ್ಲಿ ಅರ್ಧ ಸುಳ್ಳು, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ನನ್ನ ಗಂಡ ಎರಡನೆಯ ಮದುವೆ ಮಾಡಿಕೊಂಡರು. "ಅಡುಗೆಮನೆ ದೊಡ್ಡದಾಗಿದೆ, ಇಬ್ಬರೂ ಹೊಂದಿಕೊಂಡು ಹೋಗಿ" ಎಂದರು. ನಾನು ಹೊಂದಿಕೊಳ್ಳಲಿಲ್ಲ. ಕಲಬುರಗಿಯಲ್ಲಿದ್ದ ಗೆಳತಿ ಬಾ ಎಂದಳು, ರೈಲು ಹತ್ತಿದೆ. ಗುಂತಕಲ್ಲು, ರಾಯಚೂರು, ವಾಡಿ ದಾಟಿ, ನೀವು ಮೊಗಲಾಯಿ ಎಂದು ಮೂಗು ಮುರಿಯುವ ಈ ನಿಜಾಮರ ಸೀಮೆಯಲ್ಲಿ ಇಳಿದೆ. ಅವಳ ಮನೆಯಲ್ಲಿ ಒಂದು ಮಳೆಗಾಲ ಕಳೆಯಿತು. ಸ್ಟೇಷನ್ ಬಜಾರಿನ ಗದ್ದಲದಲ್ಲಿ ನಾನು ಬರೆಯುತ್ತಿದ್ದ ಒಂದು ಕಥೆಯೂ ಮುಗಿಯಲಿಲ್ಲ. ಕಮಲಾಪುರದ ಗುರುಬಸವ್ವ ಅವಳಿಗೆ ಪರಿಚಯದವರು, ದೊಡ್ಡ ಒಕ್ಕಲುತನದ ಮನೆಯ ಯಜಮಾನಿ. ಶಾಲೆಯಲ್ಲಿ ಎಲ್ಲವೂ ಉರ್ದು. ತಮ್ಮ ಹೆಣ್ಣು ಮೊಮ್ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುವವರು ಅವರಿಗೆ ಬೇಕಾಗಿತ್ತು. ನನಗೊಂದು ಕೋಣೆ, ಉಣ್ಣುವಷ್ಟು ಜೋಳ. ಹುಡುಗಿಯರಿಗೆ ನನ್ನ ಪಾಠ. ಉಳಿದ ಹೊತ್ತು ನನ್ನದು. ಹೆಂಗಸರೇ, ಈ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ: ಉಳಿದ ಹೊತ್ತು ನನ್ನದು!

ಮೈಸೂರಿನ ಚಳಿ ಶಾಲು ಹೊದ್ದರೆ ಸುಮ್ಮನಾಗುತ್ತದೆ. ಇಲ್ಲಿಯ ಚಳಿ ಹಾಸುಗಲ್ಲಿನಿಂದ ಕಾಲಿಗೆ ಏರಿ, ಕಾಲಿನಿಂದ ಹಲ್ಲಿಗೆ ಬರುತ್ತದೆ. ಆದ್ದರಿಂದ ಬಿಸಿಲು ಬಿದ್ದ ಕೂಡಲೇ ಮಸಿ ಕುಡಿಕೆ ಹಿಡಿದು ಏಣಿ ಹತ್ತುತ್ತಿದ್ದೆ. ತೊಡೆಯ ಮೇಲೆ ಕೌದಿ, ಬೆನ್ನಿಗೆ ಬಿಸಿಲು, ಪಕ್ಕದಲ್ಲಿ ಒಣಗುವ ಮೆಣಸಿನಕಾಯಿಯ ಘಾಟು. ಹೆಂಗಸು ಬರೆಯುತ್ತ ಕೂತರೆ ನಮ್ಮ ಕಡೆ, "ಯಾರಿಗೆ ಕಾಗದ?" ಎಂದು ಹುಬ್ಬು ಏರಿಸುತ್ತಾರೆ. ಇಲ್ಲಿ ಗುರುಬಸವ್ವ ನೇರವಾಗಿ ಕೇಳಿದರು.

"ಏನ್ ಬರ್ಯಾಕತ್ತೀರಿ ಬಾಯಾರ?"

"ಕಥೆ."

"ಖರೇ ಕಥಿನೋ, ಸುಳ್ಳ ಕಥಿನೋ?"

"ಸುಳ್ಳೇ."

"ಹಂಗಾರ ಛಲೋ ಬರೀರಿ. ಖರೇದು ನಮಗ ಗೊತ್ತೇ ಅದ."

ಇಂಥ ಓದುಗರು ಮೈಸೂರಿನಲ್ಲಿ ನನಗೆ ಸಿಕ್ಕಿರಲಿಲ್ಲ. ಬರೆದದ್ದನ್ನು ಕಳಿಸುವುದು ಮಾತ್ರ ದೊಡ್ಡ ರಗಳೆ. ನಿಜಾಮರ ಅಂಚೆಚೀಟಿ ಅವರ ಸೀಮೆ ದಾಟುವುದಿಲ್ಲ. ಮೈಸೂರಿಗೆ ಹೋಗಬೇಕಾದರೆ ಕಲಬುರಗಿ ಸ್ಟೇಷನ್ನಿನ ಇಂಗ್ರೇಜಿ ಅಂಚೆಯೇ ಆಗಬೇಕು. ಟಾಂಗಾ ಹೊಡೆಯುವ ಮಹಬೂಬ್ ಸಾಹೇಬರು ನನ್ನ ಲಕೋಟೆಯನ್ನು ಎದೆಯ ಮೇಲಿನ ಜೇಬಿನಲ್ಲಿಟ್ಟುಕೊಂಡು ಒಯ್ಯುತ್ತಾರೆ. ಈ ಮಾಸಪತ್ರಿಕೆಯಲ್ಲಿ ಈಗ ನೀವು ಓದುತ್ತಿರುವ ಇದೂ ಅಲ್ಲೇ ಕೂತು ಬಂದದ್ದು.

ಊಟದ ವಿಷಯ ಕೇಳಬೇಡಿ, ಕೇಳದಿದ್ದರೂ ಹೇಳುತ್ತೇನೆ. ಇಲ್ಲಿ ಅನ್ನ ಹಬ್ಬಕ್ಕೆ, ದಿನಕ್ಕೆ ಜೋಳದ ರೊಟ್ಟಿ. ನಾನು ಬಡಿದ ಮೊದಲ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ಪಾಲಾಯಿತು. "ರೊಟ್ಟಿ ಬಡಿಯಾಕ ಮೈಯಾಗ ಸಿಟ್ಟಿರಬೇಕ್ರೀ" ಎಂದರು ಗುರುಬಸವ್ವ. ಸಿಟ್ಟಿಗೇನು ಬರ? ಗಂಡನ ಮುಖ ನೆನೆದು ಬಡಿದೆ. ಅಂದು ರೊಟ್ಟಿ ದುಂಡಗೆ ಬಂತು. ಇಲ್ಲಿಯ ಕೆಂಪು ಬಾಳೆಹಣ್ಣು ನಮ್ಮ ರಸಬಾಳೆಯ ಮುಂದೆ ಏನೂ ಅಲ್ಲ ಎಂದು ಬರೆದು ನಿಮ್ಮನ್ನು ಸಂತೋಷಪಡಿಸಬೇಕೆಂದಿದ್ದೆ. ಮನಸ್ಸು ಒಪ್ಪಲಿಲ್ಲ.

ದೀಪ ಹಚ್ಚುವ ಹೊತ್ತು ಮಾತ್ರ ಕೆಟ್ಟದ್ದು. ಅಮ್ಮ ಈಗ ಹಿತ್ತಿಲ ಬಾಗಿಲು ಹಾಕುತ್ತಿರುತ್ತಾಳೆ ಎನಿಸುತ್ತಿತ್ತು. ಅಳುತ್ತಿದ್ದೆ. ಅತ್ತು ಮೂಗು ಒರೆಸಿಕೊಂಡು ಒಲೆ ಹೊತ್ತಿಸುತ್ತಿದ್ದೆ. ಅತ್ತ ಮಾತ್ರಕ್ಕೆ ತಿರುಗಿ ಹೋಗಬೇಕೆಂದೇನಿಲ್ಲವಲ್ಲ.

ಮಾರ್ಗಶಿರದ ಕೊನೆಗೆ ಬರುವ ಅಮಾವಾಸ್ಯೆ ಈ ಸೀಮೆಗೆ ದೊಡ್ಡ ಹಬ್ಬ. ಎಳ್ಳಮಾಸಿ ಎನ್ನುತ್ತಾರೆ. ಅಂದು ಊರಿಗೆ ಊರೇ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಮೊದಲು ಉಣಿಸಿ, ಆಮೇಲೆ ತಾನು ಉಣ್ಣುತ್ತದೆ. ಹಬ್ಬಕ್ಕೆ ಕೆಲವು ದಿನವಿರುವಾಗ ಗುರುಬಸವ್ವ ಕಿಂಡಿಯಿಂದ ಕರೆದರು: "ಬಾಯಾರ, ಎಳ್ಳಮಾಸಿಗೆ ನಮ್ಮ ಹೊಲಕ್ಕ ಬರ್ರಿ."

ನಾನು ಮೈಸೂರಿನವಳು. "ಅಯ್ಯೋ, ನನಗೇಕೆ ಬಿಡಿ, ನೀವು ಹೋಗಿಬನ್ನಿ" ಎಂದೆ. ಇದರ ಅರ್ಥ ನಿಮಗೆ ಗೊತ್ತು: ಇನ್ನೊಂದು ಸಲ ಕರೆಯಿರಿ, ಬರುತ್ತೇನೆ. ಕರೆದ ಕೂಡಲೇ ಹೊರಟು ನಿಂತರೆ ನಮ್ಮಲ್ಲಿ ಹೊಟ್ಟೆಬಾಕಿ ಎನ್ನುವುದಿಲ್ಲವೇ? ಕಿಂಡಿಯಲ್ಲಿದ್ದ ಮುಖ ಹಾಗೇ ಹಿಂದಕ್ಕೆ ಸರಿಯಿತು.

ಮರುದಿನ ಏಣಿ ಗೋಡೆಯ ಬಳಿ ಇರಲಿಲ್ಲ. ಹುಡುಗಿಯರು ಪಾಠಕ್ಕೆ ಬರಲಿಲ್ಲ. ಸಂಜೆ ಗುರುಬಸವ್ವ ಬಾಗಿಲಲ್ಲೇ ನಿಂತು, "ಸಂಕ್ರಾಂತಿ ಆದ ಮ್ಯಾಲ ಬ್ಯಾರೆ ಮನಿ ನೋಡ್ಕೋರಿ" ಎಂದು ಹೇಳಿ ಹೋದರು. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಸಿದವರು ಮಹಬೂಬ್ ಸಾಹೇಬರು.

"ಹೊಲದ ಊಟ ಒಲ್ಲೆ ಅಂದ್ರ ಈ ಹೊಲ ಬೆಳೀಬಾರದು ಅಂದಂಗ್ರೀ ಬಾಯಿಸಾಬ್. ನಾ ಮುಸಲ್ಮಾನ, ನಾನೂ ವರ್ಷಾ ಹೋಗಿ ಉಂಡ ಬರ್ತೀನಿ. ತೋಬಾ, ಎಂಥಾ ಮಾತಂದ್ರಿ!"

ನನಗೆ ನಾಚಿಕೆಗಿಂತ ಸಿಟ್ಟೇ ಬಂತು. ಎರಡು ಸಲ ಕರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೆ ಆ ಕೋಣೆ ಹೋದರೆ ನನ್ನ ಬರಹ ಹೋಯಿತು.

ಅದೇ ಸಮಯಕ್ಕೆ, ಅಮಾವಾಸ್ಯೆಯ ಹಿಂದಿನ ದಿನ, ಮಹಬೂಬ್ ಸಾಹೇಬರ ಟಾಂಗಾದಿಂದ ನನ್ನ ಅಣ್ಣ ಇಳಿದ. ಹೇಳದೆ ಕೇಳದೆ ಬಂದಿದ್ದ. ಕೋಣೆ ನೋಡಿದ, ಒಲೆ ನೋಡಿದ, ನನ್ನ ಒಡೆದ ಅಂಗೈ ನೋಡಿದ. ಅವನ ಕಣ್ಣು ತುಂಬಿತು.

"ಸೀತೂ, ಅಪ್ಪ ಹೇಳಿ ಕಳಿಸಿದ್ದಾರೆ. ನಾಳೆ ನನ್ನ ಜೊತೆ ಹೊರಟರೆ ಸರಿ. ಇಲ್ಲದಿದ್ದರೆ ಆ ಮನೆಯ ಬಾಗಿಲು ಇನ್ನು ನಿನಗಿಲ್ಲವಂತೆ."

"ಬಂದರೆ ಬರೆಯಬಹುದೇನು?"

"ಅದೊಂದು ಬಿಟ್ಟುಬಿಡೇ. ಹೆಸರು ಅಚ್ಚಾಗುವುದು ಅಪ್ಪನಿಗೆ ಆಗುವುದಿಲ್ಲ." ಆಮೇಲೆ ಮೆಲ್ಲಗೆ ಸೇರಿಸಿದ: "ಇವರೂ ಮನೆ ಬಿಡಿಸುತ್ತಿದ್ದಾರಂತಲ್ಲ, ಟಾಂಗಾದವನು ಹೇಳಿದ. ಮತ್ತೆಲ್ಲಿಗೆ ಹೋಗುತ್ತೀಯೆ?"

ಆ ಮಾತು ಉರಿ ಹತ್ತಿಸಿತು. ಬೆಳಗ್ಗೆ ಎದ್ದರೆ ಊರು ಬಿಕೋ ಎನ್ನುತ್ತಿತ್ತು. ಎಲ್ಲರೂ ಹೊಲದ ಹಾದಿ ಹಿಡಿದಿದ್ದರು. ಮಧ್ಯಾಹ್ನದವರೆಗೆ ಟಾಂಗಾ ಇಲ್ಲ ಎಂದು ಮಹಬೂಬ್ ಸಾಹೇಬರು ಮೊದಲೇ ಹೇಳಿದ್ದರು. ನಾನು ಸಜ್ಜೆ ಹಿಟ್ಟು ನಾದಿ, ಎಳ್ಳು ಹಚ್ಚಿ ರೊಟ್ಟಿ ಬಡಿದೆ. ಬುಟ್ಟಿ ತಲೆಗೇರಿಸಿ ನಡೆದೆ. "ಏನೇ ಇದು ಹುಚ್ಚು?" ಎನ್ನುತ್ತ ಅಣ್ಣ ಹಿಂದೆ ಬಂದ.

ಕಪ್ಪು ಮಣ್ಣಿನ ಹೊಲ, ಎದೆಮಟ್ಟ ಜೋಳ. ನಡುವೆ ದಂಟಿನ ಪುಟ್ಟ ಗೂಡು, ಒಳಗೆ ಪಾಂಡವರೆಂದು ಐದು ಕಲ್ಲು. ಸುತ್ತ ಮನೆಯ ಮಂದಿ. ನಾನು ಬುಟ್ಟಿ ಇಳಿಸಿದೆ.

"ಗುರುಬಸವ್ವನವರೇ, ನಮ್ಮೂರಲ್ಲಿ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ನೀವು ಎರಡನೆಯ ಸಲ ಕರೆಯಲಿಲ್ಲ. ಅದಕ್ಕೆ ನಾನೇ ಬಂದೆ. ರೊಟ್ಟಿ ತಂದಿದ್ದೇನೆ. ಬೇಡವಾದರೆ ಹೇಳಿ, ಹೋಗುತ್ತೇನೆ."

ಅವರು ಒಂದು ರೊಟ್ಟಿ ಎತ್ತಿ ಬೆರಳ ಗಿಣ್ಣಿನಿಂದ ಕುಟ್ಟಿದರು. ಟಕ್ ಟಕ್ ಎಂದಿತು. "ಇದು ರೊಟ್ಟಿನೋ, ಫರಸಿ ಕಲ್ಲೋ?" ಎಲ್ಲರೂ ನಕ್ಕರು. ಮುರಿದು, ಹಸಿಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿಯಲ್ಲಿ ಅದ್ದಿ ಬಾಯಿಗಿಟ್ಟರು. "ಉಪ್ಪು ಮರ್ತೀರಿ." ಅಗಿದು ನುಂಗಿದ ಮೇಲೆ ಕೇಳಿದರು: "ಎರಡೆರಡ ಸಲ ಕರೀಬೇಕಾದ್ರ ನಿಮ್ಮೂರ ಮಂದಿ ಹೊಟ್ಟಿ ತುಂಬ ಉಣ್ಣೂದು ಯಾವಾಗ್ರೀ?"

ಆಮೇಲೆ ತಂಬಿಗೆ ನನ್ನ ಕೈಗೆ ಕೊಟ್ಟರು. ಅವರು ಮುಂದೆ ಪೈರಿಗೆ ಚರಗವೆಂದು ಅಡುಗೆ ಚೆಲ್ಲುತ್ತ ಒಂದು ಕೂಗು ಹಾಕುವುದು, ನಾನು ಹಿಂದೆ ನೀರು ಚಿಮುಕಿಸುತ್ತ ಇನ್ನೊಂದು ಕೂಗು ಕೊಡುವುದು. ಮೈಸೂರಿನಲ್ಲಿ ಹೆಂಗಸು ಹಾಗೆ ಕೂಗಿದರೆ ವೈದ್ಯರನ್ನು ಕರೆಸುತ್ತಾರೆ. ನಾನು ಗಂಟಲು ಬಿರಿಯುವಂತೆ ಕೂಗಿದೆ. ಎಷ್ಟು ಹಿತವಾಯಿತು, ಏನು ಹೇಳಲಿ!

ಹೊಲ ಸುತ್ತಿ ಬಂದರೆ ಅಣ್ಣ ಬದುವಿನ ಆಚೆಯೇ ನಿಂತಿದ್ದ. ಗುರುಬಸವ್ವ ಕರೆದರು: "ಬರ್ರಿ ಅಣ್ಣಾರ, ದೂರಿಂದ ಬಂದೀರಿ, ಕುಂದರ್ರಿ, ಉಣ್ರಿ."

ಅಣ್ಣ ಕೈ ಮುಗಿದ. "ಕ್ಷಮಿಸಬೇಕಮ್ಮ, ನಾನು ಹೊರಗೆಲ್ಲೂ ಊಟ ಮಾಡುವುದಿಲ್ಲ."

ಗುರುಬಸವ್ವನವರ ಮುಖ ಬಾಡಿತು. ನಾನು ಬದುವಿನವರೆಗೆ ಹೋದೆ. "ಅಣ್ಣ, ಒಂದು ತುತ್ತು ತಿನ್ನು. ಇಲ್ಲಿ ಬೇಡ ಎಂದರೆ ಹೊಲ ಹಾಳಾಗಲಿ ಎಂದ ಹಾಗೆ."

"ಆಚಾರ ಬಿಡು ಅನ್ನುತ್ತೀಯೇನೇ?"

"ನಾನಂತೂ ಉಣ್ಣುತ್ತೇನೆ. ಇದನ್ನು ಉಂಡವಳನ್ನು ಅಪ್ಪ ಅಡುಗೆಮನೆಗೆ ಬಿಟ್ಟುಕೊಳ್ಳುತ್ತಾರಾ?"

ಅವನು ಬದುವಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಉತ್ತರ ಸಿಕ್ಕಿತು. ನಾನು ತಿರುಗಿ ಬಂದು, ಅವನಿಗೆ ಕಾಣುವ ಹಾಗೆ ಕೂತು ಉಂಡೆ. "ಸೀತೂ" ಎಂದು ಒಮ್ಮೆ ಕರೆದ. ಕಣ್ಣೀರು ಸುರಿಯಿತು, ಆದರೂ ಏಳಲಿಲ್ಲ.

ಎದ್ದವರು ಗುರುಬಸವ್ವ. ರೊಟ್ಟಿ, ಕಡುಬು, ಎಳ್ಳಿನ ಹೋಳಿಗೆ ಒಂದು ಅರಿವೆಯಲ್ಲಿ ಕಟ್ಟಿ ಬದುವಿಗೆ ಹೋಗಿ ಕೊಟ್ಟರು. "ಇಲ್ಲಿ ಉಣ್ಣಬ್ಯಾಡ್ರಿ. ಹಾದ್ಯಾಗ ಹಸಿವಾಗ್ತದ. ಅಲ್ಲಿ ಯಾರ್ ನೋಡ್ತಾರ?"

ಕೂಸನ್ನು ಎತ್ತಿ ಗೊತ್ತಿಲ್ಲದವನು ಕೂಸನ್ನು ಹಿಡಿದ ಹಾಗೆ ಅಣ್ಣ ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಆಮೇಲೆ ಹೋದ.

ಏಣಿ ಮರಳಿ ಬಂದಿದೆ. ಮನೆ ಬಿಡುವ ಮಾತನ್ನು ಯಾರೂ ಎತ್ತಿಲ್ಲ. ನಾನು ಸೋತು ಬರುತ್ತೇನೆಂದು ಕಾದು ಕೂತವರು ಆರಾಮವಾಗಿ ಎದ್ದು ಹೋಗಬಹುದು. ಆದರೆ ಮೈಸೂರಿಗೆ ನಾನು ಹಾಕಿದ ಕಾರ್ಡುಗಳಿಗೆ ಉತ್ತರವಿಲ್ಲ, ಅಮ್ಮನ ಮೊಣಕಾಲು ನೋವು ಹೇಗಿದೆಯೋ ತಿಳಿಯದು. ಇಲ್ಲಿ ಬಾಗಿಲು ತೆರೆಯಿತು ಎಂಬ ಸಂತೋಷದ ಬೆನ್ನಿಗೇ ಅಲ್ಲಿ ಮುಚ್ಚಿತಲ್ಲ ಎಂಬ ಉರಿ. ಎರಡೂ ನಿಜ, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಬರೆಯಲಾರೆ.

ರೈಲು ಹತ್ತುವಾಗಲೂ ಗಂಟು ಅಣ್ಣನ ಕೈಯಲ್ಲೇ ಇತ್ತು ಎಂದರು ಮಹಬೂಬ್ ಸಾಹೇಬರು. ಅವನು ಬಿಚ್ಚಿದ್ದನ್ನೂ ನೋಡಲಿಲ್ಲವಂತೆ, ಎಸೆದದ್ದನ್ನೂ ನೋಡಲಿಲ್ಲವಂತೆ.

ಅಣ್ಣ, ನೀನು ಈ ಮಾಸಪತ್ರಿಕೆಯನ್ನು ಕದ್ದು ಓದುತ್ತೀಯೆಂದು ನನಗೆ ಗೊತ್ತು. ಅಪ್ಪನಿಗೆ ಹೇಳಬೇಡ, ಅತ್ತಿಗೆಗೂ ಹೇಳಬೇಡ, ನನಗೊಬ್ಬಳಿಗೆ ಹೇಳು. ರಾಯಚೂರು ದಾಟಿದ ಮೇಲಾದರೂ, ತಿಂದೆಯಾ?