ಕತ್ತೆ ಲದ್ದಿಗೆ ಬಾಯಿ ಹಾಕುತ್ತಿದ್ದ ಜಿಮ್ಮಿ

ಒಣಹುಲ್ಲು ನೆನೆದು ಹುಳಿತಂತಿರುವ ಲದ್ದಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ನಿಂತಲ್ಲಿ ನಿಲ್ಲಲಾಗುವುದಿಲ್ಲ. ದೊಡ್ಡನೆಕ್ಕುಂದಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿರುವ ಖಾಲಿ ಸೈಟಿನಲ್ಲಿ ಮದುವೆ ಮೆರವಣಿಗೆಯ ಕುದುರೆಯೊಂದನ್ನು ಕಟ್ಟುತ್ತಾರೆ. ಮೊನ್ನೆ ಬೆಳಿಗ್ಗೆ ವಾಕಿಂಗಿಗೆ ಹೋದಾಗ ನಮ್ಮ ನಾಯಿ ಚಿನ್ನಿ ನನ್ನನ್ನೂ ಎಳೆದುಕೊಂಡು ಹೋಗಿ ಆ ಕುದುರೆಯ ಲದ್ದಿಗೆ ಬಾಯಿ ಹಾಕಿತು. ‘ಥೂ, ಬಿಡೇ!’ ಅಂತ ಕೂಗಿಕೊಂಡೆ. ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಸರಿದರು. ಮನೆಗೆ ಬಂದು ಅದರ ಬಾಯಿ ತೊಳೆದು, ಡಾಕ್ಟರಿಗೆ ಫೋನು ಮಾಡಿದೆ. ಹುಳದ ಮಾತ್ರೆ ಕೊಡಿ, ಎಷ್ಟೋ ನಾಯಿಗಳು ಹಾಗೆ ತಿನ್ನುತ್ತವೆ, ಗಾಬರಿ ಬೇಡ ಅಂದರು. ಆದರೂ ಆ ದಿನವೆಲ್ಲ ಬಾಲ್ಕನಿಗೂ ಅಡುಗೆಮನೆಗೂ ಸುಮ್ಮನೆ ಓಡಾಡಿದೆ. ನನ್ನ ಗಾಬರಿ ಚಿನ್ನಿಯ ಬಗ್ಗೆ ಆಗಿರಲಿಲ್ಲ.

ಆಗ ನನಗೆ ಒಂಬತ್ತು ವರ್ಷ. ಜೋಗುಪಾಳ್ಯದ ಇಕ್ಕಟ್ಟು ಬೀದಿಯೊಂದರಲ್ಲಿ ನಮ್ಮದು ಹಂಚಿನ ಮನೆ. ತಾತ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಹತ್ತು ತಿಂಗಳ ಮಗು ಪುಟ್ಟು, ಎಲ್ಲರೂ ಮೂರು ಕೋಣೆಗಳಲ್ಲಿ ಒಬ್ಬರ ಉಸಿರು ಒಬ್ಬರಿಗೆ ತಾಕುವಂತೆ ಬದುಕುತ್ತಿದ್ದೆವು. ಬೆಳಗಾದರೆ ಹಂಡೆ ಒಲೆಯ ಹೊಗೆ, ಹುಳಿಗೆ ಹಾಕಿದ ಒಗ್ಗರಣೆ, ಪುಟ್ಟುವಿನ ಹಾಲಿನ ವಾಸನೆ ಎಲ್ಲ ಬೆರೆತು ಬೀದಿಗೂ ಬರುತ್ತಿತ್ತು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಅದರ ವಾಸನೆ ಎಂಥದೆಂದು ಹೇಳಹೊರಟರೆ ನಿಮಗೂ ಮಾತು ಸಾಲದೇ ಹೋಗಬಹುದು. ನಮ್ಮ ಜೊತೆ ಜಿಮ್ಮಿಯೂ ಇತ್ತು. ಬೆಲ್ಲದ ಬಣ್ಣದ ನಾಯಿ, ಒಂದು ಕಿವಿ ಮಡಚಿಕೊಂಡಿತ್ತು. ಕಾರ್ಖಾನೆಯಿಂದ ರಿಟೈರಾಗಿದ್ದ ತಾತ ದಿನಾ ಬೆಳಿಗ್ಗೆ ಅದನ್ನೂ ನನ್ನನ್ನೂ ಕರೆದುಕೊಂಡು ಹಲಸೂರು ಕೆರೆಯ ಕಡೆ ನಡೆಯುತ್ತಿದ್ದರು. ದಾರಿಯಲ್ಲಿ ಆಡಿನ ಹಿಕ್ಕೆ ಕಂಡರೆ ಜಿಮ್ಮಿ ಹುರಿಗಡಲೆಯ ಹಾಗೆ ಹೆಕ್ಕುತ್ತಿತ್ತು. ಬಟ್ಟೆ ಒಗೆಯುವವರ ಕತ್ತೆಗಳು ನಿಲ್ಲುವ ಜಾಗ ಬಂದರಂತೂ ಮುಗಿಯಿತು, ತಾತನ ಕೈಯಿಂದ ಹಗ್ಗ ಜಾರಿಸಿಕೊಂಡು ಓಡುತ್ತಿತ್ತು. ತಾತ ಬೈಯುತ್ತಿರಲಿಲ್ಲ. ಬೀದಿ ನಲ್ಲಿಯಲ್ಲಿ ಅದರ ಮೂತಿ ತೊಳೆದು, ‘ಮನೇಲಿ ಹೇಳ್ಬೇಡಮ್ಮ, ನಿಮ್ ಚಿಕ್ಕಮ್ಮ ಊಟ ಬಿಟ್ಬಿಡ್ತಾಳೆ’ ಅನ್ನುತ್ತಿದ್ದರು. ಅವರ ಗುಟ್ಟೊಂದು ನನ್ನ ಹತ್ತಿರ ಇದೆಯೆಂದು ನನಗೆ ಜಂಬ.

ಮಳೆಗಾಲದಲ್ಲಿ ಒಂದು ದಿನ ಪುಟ್ಟುವಿಗೆ ವಾಂತಿಭೇದಿ ಶುರುವಾಯಿತು. ಸಂಜೆಯ ಹೊತ್ತಿಗೆ ಮಗುವಿನ ಕಣ್ಣು ಒಳಕ್ಕೆ ಹೋಗಿ, ಅಳಲೂ ಶಕ್ತಿಯಿಲ್ಲದೆ ಆಸ್ಪತ್ರೆ ಸೇರಿತು. ಮರುದಿನ ಬಟ್ಟೆ ಒಯ್ಯಲು ಮನೆಗೆ ಬಂದ ಚಿಕ್ಕಮ್ಮ ಒಲೆ ಮುಂದೆ ಕುಸಿದು ಕೂತು, ‘ನಾನೇನ್ ತಿನ್ನಿಸ್ಬಿಟ್ಟೆ ಅಂತ ಹಿಂಗಾಯ್ತು? ಎಲ್ಲಾ ನಂದೇ ತಪ್ಪು’ ಅಂತ ಹಣೆ ಚಚ್ಚಿಕೊಂಡರು. ಅದನ್ನು ನೋಡಲಾಗಲಿಲ್ಲ. ‘ನಿಮ್ದಲ್ಲ ಚಿಕ್ಕಮ್ಮ, ಜಿಮ್ಮಿ ಕತ್ತೆ ಲದ್ದಿ ತಿನ್ನತ್ತೆ, ಅದೇ ಬಾಯಲ್ಲಿ ಪುಟ್ಟು ಕೈ ನೆಕ್ಕತ್ತೆ’ ಅಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಕೇಳಿಸಿಕೊಂಡವರೇ ಹೊರಗೆ ನಡೆದರು. ಸ್ಕೂಟರ್ ತೆಗೆದರು. ಜಿಮ್ಮಿ ಸವಾರಿ ಸಿಕ್ಕಿತೆಂದು ಬಾಲ ಅಲ್ಲಾಡಿಸುತ್ತಾ ತಾನೇ ಹತ್ತಿ ಅವರ ಕಾಲ ಬಳಿ ಕೂತಿತು. ಚಿಕ್ಕಪ್ಪ ಅದನ್ನು ಕೃಷ್ಣರಾಜಪುರದ ಸಂತೆ ಹತ್ತಿರ ಬಿಟ್ಟು ಬಂದರು. ತಾತ ಆಗ ಆಸ್ಪತ್ರೆಯಲ್ಲಿ ಮೊಮ್ಮಗನ ಪಕ್ಕ ಕೂತಿದ್ದರು.

ಎರಡು ದಿನದಲ್ಲಿ ಬೀದಿಯ ಅರ್ಧ ಮಕ್ಕಳು ಅದೇ ಆಸ್ಪತ್ರೆಯಲ್ಲಿದ್ದರು. ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿತ್ತು. ‘ನಾಯಿಯಿಂದ ಬಂದಿದ್ದಲ್ಲ, ನೀರು ಕಾಯಿಸಿ ಕುಡೀರಿ’ ಅಂದರಂತೆ ಡಾಕ್ಟರು. ಪುಟ್ಟು ಹುಷಾರಾಗಿ ಮನೆಗೆ ಬಂದ ದಿನವೇ ಚಿಕ್ಕಪ್ಪ ಊಟವನ್ನೂ ಮಾಡದೆ ಸ್ಕೂಟರ್ ಹತ್ತಿ ಹೋದರು, ಸಂಜೆ ಒಬ್ಬರೇ ಬಂದರು. ಮರುದಿನ ಭಾನುವಾರ, ತಾತ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದರು. ರೈಲ್ವೆ ಸ್ಟೇಷನ್ನು, ಸಂತೆ, ತರಕಾರಿ ರಾಶಿಗಳ ಹಿಂದೆ, ಎಲ್ಲ ಕಡೆ ಹೆಸರು ಹಿಡಿದು ಕೂಗಿದೆವು. ಬಾಳೆಹಣ್ಣು ಮಾರುವ ಹೆಂಗಸೊಬ್ಬಳು, ‘ಕಿವಿ ಮಡ್ಚ್ಕೊಂಡಿದ್ ನಾಯಿನಾ ಸಾಮಿ? ಇಲ್ಲೇ ಕೂತಿತ್ತು. ಸ್ಕೂಟರ್ ಸದ್ದು ಕೇಳಿದ್ರೆ ಸಾಕು, ಎದ್ದು ಓಡೋದು. ನಿನ್ನೆಯಿಂದ ಕಾಣ್ತಿಲ್ಲ’ ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ತಾತ ಕಿಟಕಿಯಾಚೆ ನೋಡುತ್ತಲೇ, ‘ನೀನು ಸುಳ್ಳು ಹೇಳ್ಲಿಲ್ವಲ್ಲಮ್ಮ. ನಿನ್ನಂಥ ಮಗು ಬಾಯಿಗೆ ಬೀಗ ಹಾಕಿದ್ದು ನನ್ ತಪ್ಪು’ ಅಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಜಿಮ್ಮಿ ಮತ್ತೆ ಸಿಗಲಿಲ್ಲ. ಪುಟ್ಟುವಿಗೆ ಈಗ ಗಡ್ಡದಲ್ಲಿ ಬಿಳಿ ಕೂದಲು. ಹಂಚಿನ ಮನೆಯ ಜಾಗದಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ, ಆ ಬೀದಿಯಲ್ಲಿ ಹೋದರೆ ಹಂಡೆ ಒಲೆ ಯಾವ ಮೂಲೆಯಲ್ಲಿತ್ತು ಎಂದೂ ಗೊತ್ತಾಗುವುದಿಲ್ಲ. ತಾತ ಆಮೇಲೆ ಇನ್ನೂ ನಾಲ್ಕು ವರ್ಷ ಬದುಕಿದ್ದರು, ಒಂದು ದಿನವೂ ವಾಕಿಂಗ್ ತಪ್ಪಿಸಲಿಲ್ಲ. ನಾನು ಮಾತ್ರ ಹೋಗಲಿಲ್ಲ. ಹೋಮ್‌ವರ್ಕ್ ಇದೆ ಅಂದೆ, ಚಳಿ ಅಂದೆ, ಆಮೇಲೆ ಅದನ್ನು ಹೇಳುವುದನ್ನೂ ಬಿಟ್ಟೆ. ಬೆಳಿಗ್ಗೆ ಅವರು ಚಪ್ಪಲಿ ಹಾಕಿಕೊಂಡು ನನ್ನ ಚಾಪೆಯ ಹತ್ತಿರ ಬಂದು ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು, ಉಸಿರು ಹಿಡಿದು, ಅವರು ಹೋಗಲಿ ಅಂತ ಕಾಯುತ್ತಿದ್ದೆ.